ಹಳಸಿದ ಸಾಲು ತಿದ್ದುವುದು ಹೇಗೆ? ಗಿಟ್ ಕೈಪಿಡಿಗೆ ಮೊದಲ ಪ್ಯಾಚ್ ಕಳಿಸುವವರಿಗೆ

ಕೆಲವು ವರ್ಷಗಳ ಹಿಂದೆ ನಾನಿದ್ದ ಕಂಪನಿಯ ಬಿಲ್ಡ್ ಸರ್ವರ್ (ಕೋಡ್‌ನಿಂದ ಪ್ರೋಗ್ರಾಮ್ ತಯಾರಿಸುವ ಯಂತ್ರ) ಎರಡು ದಿನ ಹಳೆಯ ಕೋಡನ್ನೇ ಬಿಲ್ಡ್ ಮಾಡುತ್ತಾ ಕೂತಿತ್ತು. ಸ್ಕ್ರೀನ್ ತುಂಬ ಹಸಿರು ಟಿಕ್. ಆದರೆ ಟೆಸ್ಟಿಂಗ್‌ನವರು ಮಾತ್ರ "ನೀವು ಫಿಕ್ಸ್ ಮಾಡಿದ್ದೀವಿ ಅಂದ ಬಗ್ ಇನ್ನೂ ಇದೆ" ಅಂತ ಬರೆಯುತ್ತಲೇ ಇದ್ದರು. ಕೊನೆಗೆ ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗಿ ನನ್ನ ಸೀಟಿನ ಹತ್ತಿರ ಬಂದಳು.

"ಸರ್, ನಮ್ಮ ಟೀಮ್ ಕೈಪಿಡಿಯಲ್ಲಿ ಮೊದಲು ಒಂದು ಎಚ್ಚರಿಕೆ ಇತ್ತು. ಯಾರೋ ತೆಗೆದುಬಿಟ್ಟಿದ್ದಾರೆ. ಲಾಗ್ ನೋಡಿದೆ..." ಅಂತ ಹೇಳಿ ಸುಮ್ಮನಾದಳು.

ತೆಗೆದವನು ನಾನೇ. ಕೋಡ್ ಬದಲಾವಣೆಗಳ ಲೆಕ್ಕ ಇಡಲು ನಾವು ಬಳಸುವ ಸಾಧನ ಗಿಟ್. ಅದರ 'ಫೆಚ್' ಕಮಾಂಡ್ 'ಒರಿಜಿನ್' ಎಂಬ ಮೂಲ ಪ್ರತಿಯಿಂದ ಹೊಸ ಬದಲಾವಣೆ ತರುತ್ತದೆ. 'ಮಾಸ್ಟರ್' ಅಂದರೆ ಕೋಡಿನ ಮುಖ್ಯ ಬ್ರ್ಯಾಂಚ್ (ಕವಲು), 'ಒರಿಜಿನ್/ಮಾಸ್ಟರ್' ಅಂದರೆ ಮೂಲದಲ್ಲಿ ಅದು ಎಲ್ಲಿವರೆಗೆ ಬಂದಿದೆ ಅಂತ ನಮ್ಮ ಕಡೆ ಇರುವ ಗುರುತು. ಆ ಸಾಲು ಹೀಗಿತ್ತು: 'ಗಿಟ್ ಫೆಚ್ ಒರಿಜಿನ್ ಮಾಸ್ಟರ್' ಅಂತ ಕೊಟ್ಟರೆ 'ಒರಿಜಿನ್/ಮಾಸ್ಟರ್' ಮುಂದಕ್ಕೆ ಹೋಗುವುದಿಲ್ಲ, ಬ್ರ್ಯಾಂಚ್ ಹೆಸರು ಬಿಟ್ಟು 'ಗಿಟ್ ಫೆಚ್ ಒರಿಜಿನ್' ಅಂತಷ್ಟೇ ಕೊಡಿ. ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿದ್ದೆ. ಚೆನ್ನಾಗಿಯೇ ಮುಂದಕ್ಕೆ ಹೋಯಿತು. ಸಾಲು ತಪ್ಪು ಅಂದುಕೊಂಡು ಅಳಿಸಿದೆ. ಎಚ್ಚರಿಕೆ ಇಲ್ಲವಾದ ಮೇಲೆ ಇನ್ನೊಬ್ಬರು ಬಿಲ್ಡ್ ಸ್ಕ್ರಿಪ್ಟಿನಲ್ಲಿ ಆ ಬ್ರ್ಯಾಂಚ್ ಒಂದನ್ನೇ ಫೆಚ್ ಮಾಡುವಂತೆ ಬದಲಾಯಿಸಿದರು, ಬೇಗ ಆಗಲಿ ಅಂತ. ಸರ್ವರ್‌ನಲ್ಲಿ ಇದ್ದದ್ದು ಸೆಂಟ್‌ಓಎಸ್ 7 ಎಂಬ ಲಿನಕ್ಸ್. ಅದರ ಜೊತೆ ಬರುವ ಗಿಟ್ 1.8.3.1. ಫೆಚ್ ನಡತೆ ಬದಲಾದದ್ದು 1.8.4ರಲ್ಲಿ, 2013ರ ಆಗಸ್ಟ್‌ನಲ್ಲಿ. ಕೂದಲೆಳೆಯಲ್ಲಿ ತಪ್ಪಿದ್ದು!

ಆಮೇಲೆ ಗಿಟ್ ಪ್ರಾಜೆಕ್ಟಿನ ಡಾಕ್ಯುಮೆಂಟೇಶನ್ ಕೆಲಸ ಹೇಗೆ ನಡೆಯುತ್ತದೆ ಅಂತ ಕುತೂಹಲಕ್ಕೆ ನೋಡಲು ಹೋದೆ. ಅವರು ಹಳೆಯ ಸಾಲನ್ನು 'ತಪ್ಪು' ಅಂತ ಹೊಡೆದುಹಾಕುವುದಿಲ್ಲ. ಅದು ಯಾವ ವರ್ಶನ್‌ವರೆಗೆ ನಿಜವಾಗಿತ್ತು, ಯಾವ ಕಮಿಟ್‌ನಿಂದ (ಗಿಟ್‌ನಲ್ಲಿ ದಾಖಲಾದ ಒಂದು ಬದಲಾವಣೆ) ಸುಳ್ಳಾಯಿತು ಅಂತ ಹುಡುಕಿ ತೋರಿಸುತ್ತಾರೆ. ಹಾಗೆ ತಿದ್ದಿ ಕಳಿಸುವ ಬದಲಾವಣೆಗೇ ಪ್ಯಾಚ್ ಅನ್ನುವುದು. ಕೆಳಗಿನ ಹಂತಗಳೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ಇವೆ. ಕಮಾಂಡ್‌ಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಮೊದಲು: ಹಳೆಯದಾ, ಹಳಸಿದ್ದಾ?

ಹಳೆಯ ಉಪ್ಪಿನಕಾಯಿ ಬೇರೆ, ಹಳಸಿದ ಅನ್ನ ಬೇರೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

'ಗಿಟ್ ಚೆಕ್‌ಔಟ್' ಕೊಟ್ಟು ಬ್ರ್ಯಾಂಚ್ ಬದಲಿಸಿ ಅಂತ ಬರೆದಿದ್ದರೆ ಅದು ಹಳೆಯದು, ಆದರೆ ಕೆಟ್ಟಿಲ್ಲ. 2019ರಲ್ಲಿ 2.23ರ ಜೊತೆ ಅದೇ ಕೆಲಸಗಳಿಗೆ 'ಸ್ವಿಚ್', 'ರಿಸ್ಟೋರ್' ಎಂಬ ಹೊಸ ಕಮಾಂಡ್‌ಗಳು ಬಂದವು ನಿಜ. ಚೆಕ್‌ಔಟ್ ಇವತ್ತಿಗೂ ಹಾಗೇ ಕೆಲಸ ಮಾಡುತ್ತದೆ. ಇಂಥದ್ದನ್ನೆಲ್ಲ ಬದಲಿಸುತ್ತಾ ಹೊರಟರೆ ರಿವ್ಯೂ ಮಾಡುವವರು ಮೊದಲು ಕೇಳುವುದೇ "ಈಗ ಇರುವುದರಲ್ಲಿ ಏನು ತೊಂದರೆ?" ಅಂತ.

ಆದರೆ ಬ್ರ್ಯಾಂಚ್ ಹೆಸರು ಹೇಳದೆ 'ಗಿಟ್ ಪುಶ್' ಕೊಟ್ಟರೆ ಎರಡೂ ಕಡೆ ಒಂದೇ ಹೆಸರಿರುವ ಬ್ರ್ಯಾಂಚ್‌ಗಳೆಲ್ಲ ಹೋಗುತ್ತವೆ ಅಂತ ಯಾವುದಾದರೂ ಟಿಪ್ಪಣಿಯಲ್ಲಿದ್ದರೆ ಅದು ಹಳಸಿದ್ದು. 2014ರ ಮೇ ತಿಂಗಳಲ್ಲಿ ಬಂದ 2.0ರಿಂದ ಡೀಫಾಲ್ಟ್ 'ಮ್ಯಾಚಿಂಗ್' ಹೋಗಿ 'ಸಿಂಪಲ್' ಆಯಿತು. ಈಗ ನೀವು ನಿಂತಿರುವ ಬ್ರ್ಯಾಂಚ್ ಮಾತ್ರ ಹೋಗುತ್ತದೆ. ಇತಿಹಾಸ ತಿದ್ದಿ ಬರೆಯಲು 'ಫಿಲ್ಟರ್-ಬ್ರ್ಯಾಂಚ್' ಬಳಸಿ ಅನ್ನುವ ಸಲಹೆಯೂ ಇದೇ ಸಾಲಿಗೆ ಸೇರುತ್ತದೆ. ಈಗ ಆ ಕಮಾಂಡ್ ಕೊಟ್ಟರೆ ಗಿಟ್ ತಾನೇ ಎಚ್ಚರಿಸಿ, 'ಫಿಲ್ಟರ್-ರೆಪೊ' ಬಳಸಿ ಅನ್ನುತ್ತದೆ.

ಇನ್ನೊಂದು ಬಗೆ ಇದೆ, ನನಗೆ ಇಷ್ಟವಾದದ್ದು. ಕಮಾಂಡ್ ಬದಲಾಗಿರುವುದಿಲ್ಲ, ಸುತ್ತಲಿನ ಜಗತ್ತು ಬದಲಾಗಿರುತ್ತದೆ. 'ಸ್ವಿಚ್' ಮತ್ತು 'ರಿಸ್ಟೋರ್' ಪುಟಗಳಲ್ಲಿ "ಇದು ಪ್ರಾಯೋಗಿಕ, ನಡತೆ ಬದಲಾಗಬಹುದು" ಎನ್ನುವ ಎಚ್ಚರಿಕೆ ಆರು ವರ್ಷ ಕೂತಿತ್ತು. ಅಷ್ಟರಲ್ಲಿ ಎಷ್ಟೋ ಜನಕ್ಕೆ ಅವು ದಿನನಿತ್ಯದ ಕಮಾಂಡ್ ಆಗಿಬಿಟ್ಟಿದ್ದವು. 2025ರಲ್ಲಿ 2.51ರ ಜೊತೆ ಅವು ಪ್ರಾಯೋಗಿಕವಲ್ಲ ಅಂತ ಘೋಷಣೆಯಾಯಿತು. ಹಾಗೆಯೇ ಗಿಟ್‌ನ ಸ್ವಂತ 'ಪಿಯು' ಬ್ರ್ಯಾಂಚ್‌ಗೆ 2020ರಲ್ಲಿ 'ಸೀನ್' ಅಂತ ಹೆಸರಿಟ್ಟಾಗ, ಹಳೆಯ ಹೆಸರು ಡಾಕ್ಯುಮೆಂಟೇಶನ್‌ನಲ್ಲಿ ಎಲ್ಲೆಲ್ಲಿ ಅಡಗಿದೆ ಅಂತ ಹುಡುಕಿ ತಿದ್ದಬೇಕಾಯಿತು.

ಹಂತ 1: ಮೂಲದಲ್ಲಿ ಆ ಸಾಲು ಇನ್ನೂ ಇದೆಯೇ?

ನಿಮ್ಮ ಕಂಪ್ಯೂಟರಿನಲ್ಲಿ 'ಗಿಟ್ ಹೆಲ್ಪ್ ಫೆಚ್' ಕೊಟ್ಟಾಗ ಕಾಣುವುದು ನಿಮ್ಮ ವರ್ಶನ್‌ನ ಕೈಪಿಡಿ. ಮೂಲದಲ್ಲಿ ಯಾರೋ ಆಗಲೇ ತಿದ್ದಿರಬಹುದು. ಹಾಗಾಗಿ ಮೊದಲು ಗಿಟ್‌ನ ಸೋರ್ಸ್ ಕೋಡ್ ಕ್ಲೋನ್ (ಪೂರ್ತಿ ನಕಲು) ಮಾಡಿಕೊಂಡು ಮಾಸ್ಟರ್ ಬ್ರ್ಯಾಂಚ್ ನೋಡಿ. ಕೈಪಿಡಿಯೆಲ್ಲ 'ಡಾಕ್ಯುಮೆಂಟೇಶನ್' ಎಂಬ ಫೋಲ್ಡರ್‌ನಲ್ಲಿದೆ. ಆಸ್ಕಿಡಾಕ್ ಎಂಬ ಸರಳ ಗುರುತುಗಳ ಭಾಷೆಯಲ್ಲಿ ಬರೆದ ಮಾಮೂಲಿ ಪಠ್ಯ ಕಡತಗಳು. 2025ರ ಆರಂಭದವರೆಗೆ ಇವುಗಳ ಹೆಸರು 'ಡಾಟ್ ಟಿಎಕ್ಸ್‌ಟಿ' ಅಂತ ಮುಗಿಯುತ್ತಿತ್ತು, ಈಗ 'ಡಾಟ್ ಎಡಾಕ್'. ಹಳೆಯ ಮಾರ್ಗದರ್ಶಿಗಳು ಇನ್ನೂ ಮೊದಲಿನ ಹೆಸರನ್ನೇ ಹೇಳುತ್ತವೆ. ಹಳಸಿದ್ದನ್ನು ತಿದ್ದುವುದು ಹೇಗೆ ಅಂತ ಹೇಳುವ ಬರಹವೂ ಹಳಸುತ್ತದೆ. ಇದೂ ಸೇರಿ!

'ಗಿಟ್ ಗ್ರೆಪ್' ಬಳಸಿ ಹುಡುಕಿ. ಇಡೀ ವಾಕ್ಯ ಕೊಟ್ಟರೆ ಸಿಗುವುದಿಲ್ಲ, ಏಕೆಂದರೆ ವಾಕ್ಯ ಎರಡು ಸಾಲಿಗೆ ಮುರಿದಿರುತ್ತದೆ. ಎರಡು ಅಥವಾ ಮೂರು ಪದ ಸಾಕು, ಅದರಲ್ಲೂ ಅಪರೂಪದ ಪದ.

ಇಲ್ಲೊಂದು ಗುಂಡಿ ಇದೆ. 'ಗಿಟ್ ಪುಲ್' ಪುಟದಲ್ಲಿ ಓದಿದ ಸಾಲು ಪುಲ್ ಕಡತದಲ್ಲಿ ಇಲ್ಲದೇ ಇರಬಹುದು. ಪುಲ್ ಮತ್ತು ಫೆಚ್ ಎರಡಕ್ಕೂ ಹಲವು ಆಯ್ಕೆಗಳು ಒಂದೇ ಆದ್ದರಿಂದ ಅವನ್ನು ಬೇರೆ ಕಡತದಲ್ಲಿ ಬರೆದು ಎರಡೂ ಪುಟಗಳಿಗೆ ಸೇರಿಸಿದ್ದಾರೆ. ಕಾನ್ಫಿಗ್ ಪುಟದ ಮಾತುಗಳಂತೂ 'ಕಾನ್ಫಿಗ್' ಎಂಬ ಒಳಫೋಲ್ಡರ್‌ನಲ್ಲಿ ಹತ್ತಾರು ಸಣ್ಣ ಕಡತಗಳಾಗಿ ಹಂಚಿಹೋಗಿವೆ. ಒಂದು ಕಡೆ ತಿದ್ದಿದರೆ ಎಷ್ಟು ಪುಟಗಳಲ್ಲಿ ಬದಲಾಗುತ್ತದೆ ಅಂತ ನೋಡಿಕೊಂಡೇ ಮುಟ್ಟಿ. ಫೆಚ್‌ಗೆ ಸರಿಹೋದ ವಾಕ್ಯ ಪುಲ್ ಪುಟದಲ್ಲಿ ಅಪಾರ್ಥ ಕೊಡಬಹುದು.

ಹಂತ 2: ಓಡಿಸಿ ನೋಡಿ

"ನನಗೆ ಗೊತ್ತು, ಈಗ ಹಾಗಿಲ್ಲ" ಅನ್ನುವುದು ಸಾಕ್ಷಿಯಲ್ಲ. ಅಳಿಸಿದರೂ ಪರವಾಗಿಲ್ಲ ಅನ್ನುವ ಜಾಗದಲ್ಲಿ ಸಣ್ಣ ರೆಪೊ (ಗಿಟ್ ಲೆಕ್ಕ ಇಡುವ ಫೋಲ್ಡರ್) ಮಾಡಿ ತೋರಿಸಿ. ನನ್ನ ಫೆಚ್ ಕಥೆಯನ್ನೇ ತೆಗೆದುಕೊಳ್ಳೋಣ.

ಟೆಂಪ್ ಫೋಲ್ಡರ್‌ನಲ್ಲಿ 'ಅಮ್ಮ' ಅಂತ ಒಂದು ರೆಪೊ ಮಾಡಿ. ಬ್ರ್ಯಾಂಚ್ ಹೆಸರು ಮಾಸ್ಟರ್ ಇರಲಿ. ಒಂದು ಕಮಿಟ್ ಹಾಕಿ. ಕಡತ ಬರೆಯುವ ತಲೆನೋವೂ ಬೇಡ, 'ಅಲೋ-ಎಂಪ್ಟಿ' ಆಯ್ಕೆ ಕೊಟ್ಟರೆ ಖಾಲಿ ಕಮಿಟ್ ಆಗುತ್ತದೆ. ಅದನ್ನು 'ಮಗಳು' ಅಂತ ಕ್ಲೋನ್ ಮಾಡಿ. ಮತ್ತೆ ಅಮ್ಮನಲ್ಲಿ ಇನ್ನೊಂದು ಖಾಲಿ ಕಮಿಟ್. ಈಗ ಮಗಳಲ್ಲಿ ನಿಂತು 'ಗಿಟ್ ರೆವ್-ಪಾರ್ಸ್ ಒರಿಜಿನ್/ಮಾಸ್ಟರ್' ಕೊಡಿ, ಬಂದ ಸಂಖ್ಯೆ (ಅದು ಕಮಿಟ್‌ನ ಗುರುತು) ಬರೆದಿಟ್ಟುಕೊಳ್ಳಿ. 'ಗಿಟ್ ಫೆಚ್ ಒರಿಜಿನ್ ಮಾಸ್ಟರ್' ಓಡಿಸಿ. ಮತ್ತೆ ರೆವ್-ಪಾರ್ಸ್.

ಹೊಸ ಗಿಟ್‌ನಲ್ಲಿ ಸಂಖ್ಯೆ ಬದಲಾಗಿರುತ್ತದೆ. ಫೆಚ್ ಕೊಟ್ಟಾಗ ಎರಡು ಸಾಲು ಬಂದಿರುತ್ತವೆ, ಗಮನಿಸಿ. ಮೊದಲನೆಯದು ಮಾಸ್ಟರ್‌ನಿಂದ 'ಫೆಚ್‌ಹೆಡ್'ಗೆ (ಈಗಷ್ಟೇ ತಂದದ್ದರ ತಾತ್ಕಾಲಿಕ ಗುರುತು) ಬಾಣ. ಎರಡನೆಯದು ಮಾಸ್ಟರ್‌ನಿಂದ 'ಒರಿಜಿನ್/ಮಾಸ್ಟರ್'ಗೆ ಬಾಣ. 1.8.3ರಲ್ಲಿ ಓಡಿಸಿದರೆ ಮೊದಲನೆಯದು ಮಾತ್ರ ಬರುತ್ತದೆ, ಸಂಖ್ಯೆ ಕದಲುವುದಿಲ್ಲ. ನಮ್ಮ ಬಿಲ್ಡ್ ಲಾಗ್‌ನಲ್ಲೂ ಆ ಎರಡನೇ ಸಾಲು ಇರಲಿಲ್ಲ. ಎರಡು ದಿನ ನಾವೆಲ್ಲ ಅದರ ಮೇಲೇ ಕಣ್ಣಾಡಿಸಿದ್ದೆವು. ಇಲ್ಲದ್ದು ಕಣ್ಣಿಗೆ ಬೀಳುವುದಾದರೂ ಹೇಗೆ ಹೇಳಿ.

ಹಳೆಯ ಗಿಟ್ ಬೇಕು ಅಂದರೆ ಸೋರ್ಸ್‌ನಿಂದ ಆ ವರ್ಶನ್‌ಗೆ ಹಾಕಿದ ಟ್ಯಾಗ್ (ಹೆಸರುಪಟ್ಟಿ) ಚೆಕ್‌ಔಟ್ ಮಾಡಿ 'ಮೇಕ್' ಕೊಡಬಹುದು. ಇನ್‌ಸ್ಟಾಲ್ ಮಾಡಬೇಕಿಲ್ಲ, 'ಬಿನ್-ರಾಪರ್ಸ್' ಫೋಲ್ಡರ್‌ನಿಂದಲೇ ಓಡುತ್ತದೆ. ತೀರಾ ಹಳೆಯ ಕೋಡ್ ಹೊಸ ಕಂಪೈಲರ್ ಮುಂದೆ ಮುನಿಸಿಕೊಳ್ಳುವುದೂ ಉಂಟು. ಆಗ ಹಳೆಯ ಲಿನಕ್ಸ್‌ನ ಕಂಟೇನರ್ ಒಂದನ್ನು ಎಬ್ಬಿಸುವುದೇ ಸುಲಭ.

ಹಂತ 3: ಯಾವಾಗ ಹಳಸಿತು?

ಇದು ಈ ಕೆಲಸದ ತಿರುಳು. ನಿಧಾನವಾಗಿ ಮಾಡಿ.

ಎಲ್ಲರೂ ಮೊದಲು ಓಡುವುದು 'ಗಿಟ್ ಬ್ಲೇಮ್' ಕಡೆಗೆ. ಅದು ಆ ಸಾಲನ್ನು ಕೊನೆಗೆ ಮುಟ್ಟಿದವರನ್ನಷ್ಟೇ ತೋರಿಸುತ್ತದೆ. ಕೈಪಿಡಿಯಲ್ಲಿ ಕೊನೆಗೆ ಮುಟ್ಟಿದವರು ಬಹಳ ಸಲ ಒಂದು ಉದ್ಧರಣ ಚಿಹ್ನೆ ಬದಲಿಸಿರುತ್ತಾರೆ, ಇಲ್ಲ ಕಾಗುಣಿತ ತಿದ್ದಿರುತ್ತಾರೆ. ಅರ್ಥ ಬರೆದವರು ಬೇರೆಯವರು. ಅಳಿಸಿಹೋದ ಸಾಲಿಗಂತೂ ಬ್ಲೇಮ್ ಉಪಯೋಗಕ್ಕೇ ಬರುವುದಿಲ್ಲ.

ಇಲ್ಲಿ ಕೈಹಿಡಿಯುವುದು 'ಗಿಟ್ ಲಾಗ್' ಜೊತೆ ಮೈನಸ್ ಎಸ್. ದೊಡ್ಡಕ್ಷರದ ಎಸ್. ಗಿಟ್ ಮಂದಿ ಇದನ್ನು 'ಪಿಕ್‌ಆಕ್ಸ್' ಅಂತಾರೆ, ಅಂದರೆ ಗುದ್ದಲಿ. ನೀವು ಕೊಟ್ಟ ಪದಗಳು ಎಷ್ಟು ಸಲ ಬರುತ್ತವೆ ಎಂಬ ಎಣಿಕೆ ಯಾವ ಕಮಿಟ್‌ನಲ್ಲಿ ಬದಲಾಯಿತೋ ಅದನ್ನು ಮಾತ್ರ ತೋರಿಸುತ್ತದೆ. ಸಾಲು ಹುಟ್ಟಿದ್ದು, ಸತ್ತದ್ದು ಎರಡೂ ಸಿಗುತ್ತವೆ. ಹುಡುಕುವಾಗ ಒಂದು ಕಡತದ ಹೆಸರು ಕೊಡಬೇಡಿ, 'ಡಾಕ್ಯುಮೆಂಟೇಶನ್' ಫೋಲ್ಡರ್ ಪೂರ್ತಿ ಕೊಡಿ. ಕಡತದ ಹೆಸರು ಕೊಟ್ಟರೆ 2025ರ ಹೆಸರು ಬದಲಾವಣೆ ಹತ್ತಿರವೇ ಹುಡುಕಾಟ ನಿಂತುಬಿಡುತ್ತದೆ.

ಸಾಲು ಹುಟ್ಟಿದ ಕಮಿಟ್ ಸಿಕ್ಕಿತು ಅಂತಿಟ್ಟುಕೊಳ್ಳಿ. ಈಗ ಕೋಡ್ ಬದಲಾದ ಕಮಿಟ್ ಬೇಕು. ಅದಕ್ಕೆ ನಾನು ಮೊದಲು ನೋಡುವುದು 'ರೆಲ್‌ನೋಟ್ಸ್' ಫೋಲ್ಡರ್. ಪ್ರತಿ ಬಿಡುಗಡೆಯ ಟಿಪ್ಪಣಿಯೂ ಅಲ್ಲಿದೆ. 'ಗಿಟ್ ಗ್ರೆಪ್' ಹಾಕಿದರೆ ಸಾಮಾನ್ಯವಾಗಿ ಅಲ್ಲೇ ಸಿಕ್ಕಿಬೀಳುತ್ತದೆ. 1.8.4ರ ಟಿಪ್ಪಣಿಯಲ್ಲಿ ಫೆಚ್ ಬದಲಾವಣೆಗೆ ಕಾರಣವೂ ಇದೆ. ಟ್ರ್ಯಾಕಿಂಗ್ ಬ್ರ್ಯಾಂಚ್ (ನಮ್ಮ ಕಥೆಯಲ್ಲಿ 'ಒರಿಜಿನ್/ಮಾಸ್ಟರ್') ಯಾವಾಗ ಕದಲುತ್ತದೆ ಅಂತ ಮೊದಲೇ ಊಹಿಸಲು ಆಗಬೇಕು, ಅದಕ್ಕೇ ಮೊದಲು ಹಾಗೆ ಮಾಡಿದ್ದರಂತೆ. ಆದರೆ ಸಿಕ್ಕ ಅವಕಾಶದಲ್ಲಿ ಮುಂದಕ್ಕೆ ಹೋದರೇ ಜನಕ್ಕೆ ಅನುಕೂಲ ಅಂತ ಗೊತ್ತಾಯಿತು. ಪುಶ್ ಮಾಡಿದಾಗಲಂತೂ ಅದು ಆಗಲೇ ಕದಲುತ್ತಿತ್ತು. ನೋಡಿ, ಹಳೆಯ ಸಾಲಿನ ಹಿಂದೆಯೂ ಒಂದು ಯೋಚನೆ ಇತ್ತು.

ಕಮಿಟ್ ಸಿಕ್ಕ ಮೇಲೆ 'ಗಿಟ್ ಡಿಸ್ಕ್ರೈಬ್' ಜೊತೆ 'ಕಂಟೇನ್ಸ್' ಕೊಡಿ. ಅದು ಯಾವ ಟ್ಯಾಗ್‌ನ ಒಳಗೆ ಬಂತು ಅಂತ ಹೇಳುತ್ತದೆ. ವರ್ಶನ್ ಸಿಕ್ಕಿತು.

ಹಂತ 4: ತಿದ್ದಿ, ಆದರೆ ಕಡಿಮೆ ತಿದ್ದಿ

ಇಷ್ಟು ಕಷ್ಟಪಟ್ಟು ವರ್ಶನ್ ಹುಡುಕಿದ ಮೇಲೆ "1.8.4ರಿಂದ ಹೀಗೆ" ಅಂತ ಕೈಪಿಡಿಯಲ್ಲೇ ಬರೆಯುವ ಆಸೆ ಆಗುತ್ತದೆ. ಗಿಟ್‌ನ ಕೈಪಿಡಿಯಲ್ಲಿ ಅದು ಹೆಚ್ಚಾಗಿ ಬೇಕಿಲ್ಲ. ಏಕೆಂದರೆ ಆ ಕೈಪಿಡಿ ಪ್ರೋಗ್ರಾಮ್ ಜೊತೆಯಲ್ಲೇ ಪ್ರಯಾಣ ಮಾಡುತ್ತದೆ. 1.8.3.1 ಇರುವ ಸರ್ವರ್‌ನಲ್ಲಿ ಹೆಲ್ಪ್ ಕೇಳಿದರೆ 1.8.3.1ರ ಪುಟವೇ ಬರುತ್ತದೆ, ಅದು ಆ ಸರ್ವರ್ ಮಟ್ಟಿಗೆ ನಿಜವನ್ನೇ ಹೇಳುತ್ತದೆ. ಹಾಗಾಗಿ ಈಗ ಹೇಗಿದೆಯೋ ಅಷ್ಟನ್ನು ಬರೆಯಿರಿ. ಹುಡುಕಿದ ಕಥೆಯೆಲ್ಲ ಕಮಿಟ್ ಮೆಸೇಜಿಗೆ ಹೋಗುತ್ತದೆ.

ಆಫೀಸಿನ ಕೈಪಿಡಿ ಹಾಗಲ್ಲ. ಒಂದೇ ಪುಟವನ್ನು ನಿನ್ನೆ ಕೊಂಡ ಲ್ಯಾಪ್‌ಟಾಪಿನವರೂ ಓದುತ್ತಾರೆ, ಹತ್ತು ವರ್ಷದ ಸರ್ವರ್ ನೋಡಿಕೊಳ್ಳುವವರೂ ಓದುತ್ತಾರೆ. ಅಲ್ಲಿ ವರ್ಶನ್ ಬರೆಯಲೇಬೇಕು. ನಾನು ಎಡವಿದ್ದು ಈ ವ್ಯತ್ಯಾಸ ಗೊತ್ತಿಲ್ಲದೆ.

ಇನ್ನು ಕೈಕೆಲಸ. ಒಂದು ಪ್ಯಾಚ್‌ಗೆ ಒಂದೇ ವಿಷಯ. ಪಕ್ಕದಲ್ಲಿ ಕಂಡ ಕಾಗುಣಿತ ತಪ್ಪನ್ನು ಬೇರೆ ಕಮಿಟ್ ಮಾಡಿ. ಒಂದು ಪದ ತಿದ್ದಿ ಪ್ಯಾರಾದ ಸಾಲುಗಳನ್ನೆಲ್ಲ ಮತ್ತೆ ಸಮ ಮಾಡಬೇಡಿ, ಡಿಫ್‌ನಲ್ಲಿ ಹತ್ತು ಸಾಲು ಕೆಂಪು ಹಸಿರಾಗಿ ನಿಜವಾದ ಬದಲಾವಣೆ ಕಾಣದಂತಾಗುತ್ತದೆ. ಬರೆಯುವ ಶೈಲಿಗೆ 'ಕೋಡಿಂಗ್‌ಗೈಡ್‌ಲೈನ್ಸ್' ಕಡತದ ಕೊನೆಯ ಭಾಗ ಓದಿ, ಅಲ್ಲಿ ಡಾಕ್ಯುಮೆಂಟೇಶನ್‌ಗೇ ಒಂದು ಅಧ್ಯಾಯ ಇದೆ.

ಆಸ್ಕಿಡಾಕ್‌ನಲ್ಲಿ ಜಾಸ್ತಿ ಜನ ಕೆಡಿಸುವುದು ಒಂದು ಜಾಗದಲ್ಲಿ. ಯಾವುದೋ ಆಯ್ಕೆಯ ವಿವರಣೆಗೆ ಎರಡನೇ ಪ್ಯಾರಾ ಸೇರಿಸುವಾಗ. ಎರಡು ಪ್ಯಾರಾಗಳ ನಡುವೆ ಖಾಲಿ ಸಾಲು ಬಿಡುವಂತಿಲ್ಲ. ಆ ಸಾಲಿನಲ್ಲಿ ಒಂಟಿ ಪ್ಲಸ್ ಗುರುತು ಹಾಕಬೇಕು, ಎರಡನೇ ಪ್ಯಾರಾವನ್ನು ಎಡ ಅಂಚಿಗೇ ಅಂಟಿಸಬೇಕು. ನೋಡಲು ಚೆಂದ ಅಂತ ಟ್ಯಾಬ್ ಕೊಟ್ಟು ಒಳಗೆ ತಳ್ಳಿದರೆ ಅದು ಕೋಡ್ ತುಣುಕಿನ ಹಾಗೆ ಕಾಣಿಸಿಕೊಳ್ಳುತ್ತದೆ.

ಹಂತ 5: ಕಣ್ಣಿಂದ ನೋಡಿ

ಡಾಕ್ಯುಮೆಂಟೇಶನ್ ಫೋಲ್ಡರ್‌ನಲ್ಲಿ 'ಮೇಕ್ ಮ್ಯಾನ್' ಅಥವಾ 'ಮೇಕ್ ಎಚ್‌ಟಿಎಂಎಲ್' ಕೊಟ್ಟು ಪುಟ ತಯಾರಿಸಿ ಓದಿ. ಅಲ್ಲೇ 'ಡಾಕ್-ಡಿಫ್' ಎಂಬ ಸ್ಕ್ರಿಪ್ಟ್ ಇದೆ. ಎರಡು ಕಮಿಟ್ ಕೊಟ್ಟರೆ ಎರಡರ ಮ್ಯಾನ್ ಪೇಜ್‌ಗಳನ್ನೂ ತಯಾರಿಸಿ, ಓದುಗರಿಗೆ ಕಾಣುವ ರೂಪದಲ್ಲಿ ಏನು ಬದಲಾಯಿತು ಅಂತ ತೋರಿಸುತ್ತದೆ. ಸೇರಿಸಿಕೊಂಡ ಕಡತ ತಿದ್ದಿದ್ದರೆ ಇದು ಬಂಗಾರ. ಎರಡು ಪುಟ ಬದಲಾಗುತ್ತೆ ಅಂದುಕೊಂಡಿದ್ದರೆ ಮೂರನೆಯದು ಹೊರಬರುತ್ತದೆ. ಮೊದಲ ಸಲ ಓಡಿಸಿದಾಗ ಹೊತ್ತು ಹಿಡಿಯುತ್ತದೆ, ಕಾಫಿ ಮಾಡಿಕೊಂಡು ಬನ್ನಿ.

'ಸಿನಾಪ್ಸಿಸ್' ಭಾಗವನ್ನು (ಕಮಾಂಡ್ ಬರೆಯುವ ರೀತಿ ತೋರಿಸುವ ಸಾಲುಗಳು) ಮುಟ್ಟಿದ್ದರೆ ಇನ್ನೊಂದು ಕೆಲಸ ಇದೆ. ಕಮಾಂಡ್‌ಗೆ 'ಮೈನಸ್ ಎಚ್' ಕೊಟ್ಟಾಗ ಬರುವ ಸಣ್ಣ ಸಹಾಯ ಮತ್ತು ಕೈಪಿಡಿಯ ಸಿನಾಪ್ಸಿಸ್ ಹೊಂದುತ್ತವೆಯೇ ಅಂತ ನೋಡುವ ಪರೀಕ್ಷೆಯೊಂದು ಗಿಟ್‌ನಲ್ಲೇ ಇದೆ. ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟರೆ ಅದು ಹಿಡಿಯುತ್ತದೆ.

ಹಂತ 6: ಕಮಿಟ್ ಮೆಸೇಜ್

ತಿದ್ದಿದ್ದು ಒಂದು ಸಾಲು, ಮೆಸೇಜ್ ಹದಿನೈದು ಸಾಲು. ಇಲ್ಲಿ ಅದು ಮಾಮೂಲು.

ತಲೆಸಾಲಿನಲ್ಲಿ ಮೊದಲು ಜಾಗ, ಆಮೇಲೆ ಕೋಲನ್, ಆಮೇಲೆ ಏನು ಮಾಡಬೇಕು ಅನ್ನುವುದು ಆಜ್ಞೆಯ ಧಾಟಿಯಲ್ಲಿ: 'ಫೆಚ್ ಡಾಕ್: ಹೀಗೆ ಮಾಡು'. ಕೊನೆಗೆ ಪೂರ್ಣವಿರಾಮ ಇಲ್ಲ. ಬರೆಯಬೇಕಾದದ್ದು ಇಂಗ್ಲಿಷ್‌ನಲ್ಲಿ. ಒಳಗಿನ ಕ್ರಮ ನಾನು ಹೀಗೆ ಇಟ್ಟುಕೊಳ್ಳುತ್ತೇನೆ: ಕೈಪಿಡಿ ಈಗ ಹೀಗೆ ಹೇಳುತ್ತದೆ. ಅದು ಇಂಥ ಕಮಿಟ್‌ವರೆಗೆ ನಿಜವಾಗಿತ್ತು. ಆ ಕಮಿಟ್ ನಡತೆ ಬದಲಿಸಿತು, ಈ ಸಾಲನ್ನು ಮುಟ್ಟಲಿಲ್ಲ. ಈಗಿನ ನಡತೆಯನ್ನು ಬರೆ. ಹಳೆಯ ಕಮಿಟ್ ಹೆಸರಿಸುವಾಗ ಚಿಕ್ಕ ಸಂಖ್ಯೆ, ತಲೆಸಾಲು, ತಾರೀಖು ಮೂರೂ ಬೇಕು. ಕೈಯಲ್ಲಿ ಬರೆಯಬೇಡಿ, 'ಗಿಟ್ ಶೋ'ಗೆ 'ಫಾರ್ಮ್ಯಾಟ್' ಆಯ್ಕೆಯಲ್ಲಿ 'ರೆಫರೆನ್ಸ್' ಅಂತ ಕೊಟ್ಟರೆ ಹಾಗೇ ಬರೆದುಕೊಡುತ್ತದೆ.

ಯಾರನ್ನೂ ಬಯ್ಯಬೇಡಿ. "ಹಿಂದಿನವರು ಮರೆತಿದ್ದಾರೆ" ಅಂತ ಬರೆಯುವ ಅಗತ್ಯ ಎಲ್ಲೂ ಬರುವುದಿಲ್ಲ. ಆ ಹಿಂದಿನವರೇ ನಿಮ್ಮ ಪ್ಯಾಚ್ ರಿವ್ಯೂ ಮಾಡುವ ಸಾಧ್ಯತೆ ತುಂಬಾ ಇದೆ.

ಕಮಿಟ್ ಮಾಡುವಾಗ 'ಮೈನಸ್ ಎಸ್' ಕೊಡಿ, ಈ ಸಲ ಸಣ್ಣಕ್ಷರದ್ದು. ನಿಮ್ಮ ಹೆಸರಿನ 'ಸೈನ್ಡ್-ಆಫ್-ಬೈ' ಸಾಲು ಸೇರುತ್ತದೆ. ಇದನ್ನು ಕೊಡುವ ಹಕ್ಕು ನನಗಿದೆ ಅಂತ ನೀವು ಹೇಳಿದ ಹಾಗೆ. ಅದಿಲ್ಲದೆ ಪ್ಯಾಚ್ ತೆಗೆದುಕೊಳ್ಳುವುದಿಲ್ಲ.

ಹಂತ 7: ಕಳಿಸಿ, ಕಾಯಿರಿ

ಗಿಟ್ ಪ್ರಾಜೆಕ್ಟ್ ಇವತ್ತಿಗೂ ಪ್ಯಾಚ್ ತೆಗೆದುಕೊಳ್ಳುವುದು ಇಮೇಲ್‌ನಲ್ಲೇ. 'ಫಾರ್ಮ್ಯಾಟ್-ಪ್ಯಾಚ್' ಮತ್ತು 'ಸೆಂಡ್-ಇಮೇಲ್' ಬಳಸಿ ನೇರವಾಗಿ ಕಳಿಸಬಹುದು. ಬರೀ ಪಠ್ಯದ ಮೇಲ್ ಇರಬೇಕು, ಬಣ್ಣ ಅಲಂಕಾರ ಇದ್ದರೆ ತಿರಸ್ಕಾರ. ಇದು ಕಷ್ಟ ಅನ್ನಿಸಿದರೆ 'ಗಿಟ್‌ಗಿಟ್‌ಗ್ಯಾಜೆಟ್' ಇದೆ. ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ ತೆರೆದರೆ ಅದನ್ನು ಮೇಲ್ ಮಾಡಿ ಕಳಿಸಿಕೊಡುತ್ತದೆ. ಮೊದಲ ಸಲ ಹೋದವರಿಗೆ ಒಳಗಿನವರೊಬ್ಬರು ಅನುಮತಿ ಕೊಡಬೇಕು, ಅಷ್ಟೇ. ಮೊದಲ ಪ್ಯಾಚ್‌ಗೆ ನನ್ನ ಓಟು ಇದಕ್ಕೇ.

ಉತ್ತರ ಬಂದಾಗ ಅವರ ಮಾತಿನ ಕೆಳಗೇ ನಿಮ್ಮ ಮಾತು ಬರೆಯಿರಿ, ಎಲ್ಲದರ ಮೇಲಲ್ಲ. ತಿದ್ದಿದ ಮೇಲೆ ಎರಡನೇ ಆವೃತ್ತಿ ಅಂತ ಗುರುತು ಹಾಕಿ ಕಳಿಸಿ, ಮೊದಲಿನದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ 'ರೇಂಜ್-ಡಿಫ್' ಸೇರಿಸಿ. ಒಂದು ವಾಕ್ಯಕ್ಕೆ ಮೂರು ಆವೃತ್ತಿ ಆಗುವುದು ಅವಮಾನವೇನಲ್ಲ. 2005ರ ಜುಲೈನಿಂದ ಈ ಪ್ರಾಜೆಕ್ಟ್ ನೋಡಿಕೊಳ್ಳುತ್ತಿರುವ ಜೂನಿಯೊ ಹಮಾನೊ ಪ್ಯಾಚ್‌ಗಳನ್ನು ಸಾಮಾನ್ಯವಾಗಿ ಮೊದಲು 'ಸೀನ್'ಗೆ, ಆಮೇಲೆ 'ನೆಕ್ಸ್ಟ್'ಗೆ, ಕೊನೆಗೆ 'ಮಾಸ್ಟರ್'ಗೆ ತರುತ್ತಾರೆ. ಸೀನ್‌ನಲ್ಲಿ ಕಂಡರೆ ಒಪ್ಪಿದರು ಅಂತಲ್ಲ, ನೋಡಿದ್ದಾರೆ ಅಂತ. ಒಂದು ವಾರ ಸದ್ದಿಲ್ಲದಿದ್ದರೆ ಮೆತ್ತಗೆ ಒಂದು ನೆನಪಿನ ಮೇಲ್ ಹಾಕಿದರೆ ತಪ್ಪಿಲ್ಲ.

ನಮ್ಮ ಆಫೀಸಿನ ಸಾಲು ಏನಾಯಿತು ಅಂತ ಕೇಳಬಹುದು. ಅದನ್ನು ಮತ್ತೆ ಹಾಕಿದೆವು, ಬರೆದವಳು ಆ ಹುಡುಗಿಯೇ. "ಬಿಲ್ಡ್ ಸರ್ವರ್‌ನಲ್ಲಿ ಗಿಟ್ 1.8.3.1 ಇದೆ. ಅದು ಹೋಗುವವರೆಗೆ ಫೆಚ್‌ನಲ್ಲಿ ಬ್ರ್ಯಾಂಚ್ ಹೆಸರು ಕೊಡಬೇಡಿ. ಸರ್ವರ್ ಬದಲಾದ ದಿನ ಈ ಸಾಲು ಅಳಿಸಿ." 2024ರ ಜೂನ್ 30ಕ್ಕೆ ಸೆಂಟ್‌ಓಎಸ್ 7ರ ಬೆಂಬಲ ಮುಗಿಯಿತು, ಸರ್ವರ್ ಬದಲಾಯಿತು. ಎರಡನೇ ಸಲವೂ ಆ ಸಾಲು ಅಳಿಸಿದವನು ನಾನೇ. ಅಳಿಸುವ ಮುಂಚೆ ಸರ್ವರ್‌ಗೆ ಲಾಗಿನ್ ಆಗಿ 'ಗಿಟ್ ವರ್ಶನ್' ಕೊಟ್ಟೆ, ಬಂದ ಸಂಖ್ಯೆಯನ್ನು ಕಮಿಟ್ ಮೆಸೇಜಿನಲ್ಲಿ ಹಾಕಿದೆ.